ಒಂದೇ ಮೈಕಿನ ಮುಂದೆ

ಫೆಬ್ರವರಿ 11, ಮಂಗಳವಾರ

ಇನ್ಶೂರೆನ್ಸಿನವರು ಕೊಟ್ಟ ಡೈರಿ ಇದು. ಇಷ್ಟು ದಿನ ನನ್ನ ಹೆಂಡತಿ ದೇವಕಿ ಇದರ ಮೇಲೆ ಬಿಸಿ ಪಾತ್ರೆ ಇಡುತ್ತಿದ್ದಳು. ಇವತ್ತು ನಾನು ಎತ್ತಿಕೊಂಡೆ. ಎಲ್ಲಾದರೂ ಬೊಬ್ಬೆ ಹೊಡೆಯದಿದ್ದರೆ ನನ್ನ ತಲೆ ಒಡೆಯುತ್ತದೆ, ಮನೆಯಲ್ಲಿ ಬೊಬ್ಬೆ ಹೊಡೆಯಬಾರದೆಂದು ಮಗಳ ಆರ್ಡರು.

ದೇವಕಿಯ ಗಂಟಲಲ್ಲಿರುವುದು ಕ್ಯಾನ್ಸರ್. ಒಂದು ವರ್ಷದಿಂದ ದನಿ ಒಡೆದಿತ್ತು. ವಯಸ್ಸು, ಎಸಿ, ಸುಮಾತ್ರದ ಕಾಡು ಸುಟ್ಟು ಮಲೇಶಿಯಾದವರೆಗೆ ಬರುವ ಹೊಗೆ ಅಂತ ಏನೇನೋ ಹೇಳಿಕೊಂಡು ಕಷಾಯ ಕುಡಿಸಿದೆ. ಇವತ್ತು ಡಾಕ್ಟರು ಹೇಳಿದ, ದನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ತೆಗೆದರೆ ಬದುಕುತ್ತಾಳೆ. ಮಾತು ಹೋಗುತ್ತದೆ.

"ಎಂತ, ಹಲ್ಲು ಕೀಳುವವನ ಹಾಗೆ ಹೇಳ್ತೀಯಲ್ಲ! ಅವಳು ಹಾಡುವವಳು!" ಎಂದು ಎದ್ದು ನಿಂತೆ. ಡಾಕ್ಟರು ಚೀನೀಯವನು, ನನ್ನ ಕನ್ನಡ ಅವನಿಗೆ ತಿಳಿಯದು. ಆದರೆ ಬೊಬ್ಬೆ ಎಲ್ಲರಿಗೂ ತಿಳಿಯುತ್ತದೆ. ನನ್ನ ಮಗಳು ಶರಣ್ಯಾ, ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವಳು, ಅಂಗಿ ಹಿಡಿದು ಕೂರಿಸಿದಳು. "ಅಪ್ಪ, ಸಾಕು. ಗಂಟಲು ಅಮ್ಮಂದು. ಅಮ್ಮನ್ನ ಕೇಳುವ."

ದೇವಕಿ ಪಿಸುಗುಟ್ಟಿ ಕೇಳಿದ್ದು ಒಂದೇ. "ಆಮೇಲೆ ಸಾರಿನ ಪರಿಮಳ ಗೊತ್ತಾಗ್ತದಾ?"

ಇವಳ ಪ್ರಶ್ನೆ ನೋಡಿ. ಸಾರಂತೆ.

ಫೆಬ್ರವರಿ 14, ಶುಕ್ರವಾರ

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಒಬ್ಬ ತಮಿಳು ಹುಡುಗಿ ಇದ್ದಾಳೆ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ತೋರಿಸಿದಳು. ಅದರಿಂದ ಬರುವುದು ಮನುಷ್ಯರ ದನಿಯಲ್ಲ, ಬಾವಿಗೆ ಬಿದ್ದ ಮಿಕ್ಸಿಯದು. ದೇವಕಿ ಮುಟ್ಟಲೂ ಇಲ್ಲ. ಗಂಟಲಿನೊಳಗೆ ಏನೋ ಸಣ್ಣ ಕೊಳವೆ ಇಟ್ಟು ಮಾತಾಡಿಸುವ ಉಪಾಯವೂ ಇದೆಯಂತೆ, ಆದರೆ ಇವಳ ಗಂಟಲಿಗೆ ಅದು ಆಗದು ಎಂದು ಶರಣ್ಯಾ ಮೊದಲೇ ಹೇಳಿದ್ದಳು. ಆಗ ಆ ಹುಡುಗಿ ಇನ್ನೊಂದು ದಾರಿ ಹೇಳಿದಳು. ಅಮ್ಮನ ಹಳೆಯ ದನಿ ಎಲ್ಲಾದರೂ ರೆಕಾರ್ಡ್ ಆಗಿದ್ದರೆ ಅದರಿಂದ ಫೋನಿನಲ್ಲಿ ದನಿ ಮಾಡಬಹುದು. ಅಮ್ಮ ಟೈಪ್ ಮಾಡಿದ್ದನ್ನು ಫೋನು ಅವರ ದನಿಯಲ್ಲೇ ಹೇಳುತ್ತದೆ. ಅದರಲ್ಲಿ ಬೇರೆ ಯಾರ ದನಿಯೂ ಬೆರೆತಿರಬಾರದು, ಅಷ್ಟೆ.

ನಾನು ನಕ್ಕುಬಿಟ್ಟೆ. ನನ್ನ ಹರಕು ತಮಿಳಿನಲ್ಲಿ ಹೇಳಿದೆ, "ಅಮ್ಮಾ, ನೀನು ಯಾರ ಹತ್ತಿರ ಮಾತಾಡ್ತಾ ಇದ್ದಿ ಗೊತ್ತುಂಟಾ? ನಾನು ರೆಕಾರ್ಡ್ ಕೊಟ್ಟ ಮನುಷ್ಯ!"

ಸುಳ್ಳಲ್ಲ. ಜಯ್ ಆ್ಯಂಡ್ ದೇವಿ ಎಂಬ ನಮ್ಮ ಜೋಡಿ ಎಂದರೆ ಒಂದು ಕಾಲದಲ್ಲಿ ಸೆರೆಂಬಾನಿನಿಂದ ಮೆಲಾಕಾದವರೆಗೆ ಗೊತ್ತಿತ್ತು. ನಾನು ಏಳನೇ ಕ್ಲಾಸು ಮುಗಿಸದೆ ಉಡುಪಿ ಬಿಟ್ಟವನು, ಮಾವನ ಹಿಂದೆ ಮೆಲಾಕಾಕ್ಕೆ ಬಂದು ದೋಸೆ ಹೊಯ್ಯುತ್ತಿದ್ದೆ. ಹೋಟೆಲಿನ ಹಿಂದಿನ ಬೀದಿಯಲ್ಲಿದ್ದ ಪೋರ್ಚುಗೀಸ್ ವಂಶದ ಲಾಜರೂ ಗಿಟಾರು ಕೈಗೆ ಕೊಟ್ಟ. ಅಮೆರಿಕದ ಹಳ್ಳಿಯವರ ಹಾಡು, ಕಂಟ್ರಿ, ಅವನಿಗೆ ಹುಚ್ಚು. ನನಗೂ ಹಿಡಿಯಿತು. ಆ ಹಾಡಿನಲ್ಲಿ ಕುದುರೆ, ರೈಲು, ಬಿಟ್ಟುಹೋದ ಹೆಂಡತಿ ಇರುತ್ತಾರೆ. ನಾನು ಕುದುರೆಯ ಬದಲು ಬಸ್ಸು ಹಾಕಿ ಕನ್ನಡದಲ್ಲಿ, ಮಲಯದಲ್ಲಿ ಕಟ್ಟಿದೆ. ಮದುವೆಯಾಗಿ ಬಂದ ದೇವಕಿಗೆ ಭಜನೆ ಬಿಟ್ಟರೆ ಏನೂ ಗೊತ್ತಿರಲಿಲ್ಲ. ನಾನೇ ತಯಾರು ಮಾಡಿದೆ.

ನನ್ನ ರೆಕಾರ್ಡುಗಳೆಲ್ಲ ಅಟ್ಟದ ಟ್ರಂಕಿನಲ್ಲಿವೆ. ಎರಡು ಹಾಡಿನ ಸಣ್ಣ ಗ್ರಾಮಫೋನ್ ಪ್ಲೇಟು, 'ಸೆರೆಂಬಾನ್ ಬಸ್ಸು' ಅದರದ್ದೇ. ಆಮೇಲೆ ಒಂದು ಕ್ಯಾಸೆಟ್ಟು. ಆಮೇಲೆ ದೊಡ್ಡ ಪ್ಲೇಟು, ರಟ್ಟಿನ ಮೇಲೆ ನಾನು ಹ್ಯಾಟಿನಲ್ಲಿ, ಇವಳು ಸೀರೆ ಉಟ್ಟು ಮಲ್ಲಿಗೆ ಮುಡಿದು. ಹ್ಯಾಟು ಹಾಕು ಎಂದರೆ "ನಾನು ಎಂತ ಪೊಲೀಸಾ?" ಎಂದಿದ್ದಳು. ಕಡೆಗೆ ಕನ್ನಡ ಸಂಘದವರು ಮಾಡಿಸಿದ ಸಿಡಿ. ಇಷ್ಟರಲ್ಲಿ ಒಂದು ದನಿ ಸಿಗುವುದಿಲ್ಲವಾ?

ಫೆಬ್ರವರಿ 19, ಬುಧವಾರ

ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು, ನಾವಿರುವ ನಿಲಾಯ್‌ನಿಂದ ರೈಲು ಹತ್ತಿ ಬಾಂಗ್ಸಾರಿಗೆ ಹೋದೆ. ಅಲ್ಲಿ ಒಂದು ಕೆಫೆಯ ಮೇಲೆ ಸುಪ್ರೀತ್ ಎಂಬವನ ರೆಕಾರ್ಡಿಂಗ್ ಸ್ಟುಡಿಯೋ. ಹುಬ್ಬಳ್ಳಿಯವನು, ಜಾಹೀರಾತಿನ ದನಿ ಮಾಡುವ ಕೆಲಸ. ಶರಣ್ಯಾಳಿಗೆ ಸಂಘದಲ್ಲಿ ಪರಿಚಯ.

"ಬರ್ರಿ ಕಾಕಾ, ಬರ್ರಿ. ಹ್ಯಾಟ್ ಎಲ್ರಿ?"

"ಹೆಂಡತಿಗೆ ಕ್ಯಾನ್ಸರ್. ನಾನು ಹ್ಯಾಟ್ ಹಾಕಿಕೊಂಡು ಕುಣೀಬೇಕಾ?"

"ತಪ್ಪಾತ್ರಿ," ಎಂದು ಕಿವಿ ಹಿಡಿದುಕೊಂಡ. ಕೋಪ ಮಾಡಿಕೊಳ್ಳದ ಜಾತಿ. ಇಂಥವರ ಹತ್ತಿರ ಜಗಳ ಮಾಡುವುದು ಕಷ್ಟ.

ಸಣ್ಣ ಪ್ಲೇಟು ಹಾಕಿದ. ಎಷ್ಟು ವರ್ಷದ ಮೇಲೆ ಕೇಳಿದ್ದೋ. ನಾನು ಚೆನ್ನಾಗಿಯೇ ಹಾಡಿದ್ದೇನೆ. ಅವನು ಕಣ್ಣು ಮುಚ್ಚಿ ಕೇಳಿ, "ಮ್ಯಾಲಿನ ದನಿ ಕಾಕೂಂದು, ಕೆಳಗಿಂದು ನಿಮ್ದು, ಹೌದಲ್ರಿ? ರಾಗ ಯಾರ ಕಟ್ಟಿದ್ದು?" ಎಂದ.

"ನಾನು. ಮತ್ಯಾರು?"

ಅವನು ಹಾಡನ್ನು ಮತ್ತೆ ಮೊದಲಿಂದ ಹಾಕಿದ. ಸ್ವಲ್ಪ ಹೊತ್ತು ಗುಂಡಿ ತಿರುಗಿಸಿದ. "ಎರಡು ಮೈಕ್ ಯಾಕ ಇಟ್ಟಿಲ್ರಿ?"

"ರೆಕಾರ್ಡ್ ಮಾಡಿದ ಲಾಜರೂ ಇಟ್ಟಿದ್ದ. ಇವಳೇ ಬೇಡ ಅಂದಳು. ಎರಡು ಮೈಕ್ ಅಂದ್ರೆ ದೂರ ನಿಲ್ಲಬೇಕು. ನನ್ನ ಉಸಿರು ಕೇಳದಿದ್ದರೆ ಇವಳಿಗೆ ಹಾಡಲಿಕ್ಕೆ ಬರುದಿಲ್ಲ. ನಾನು ಉಸಿರು ತೆಗೆದಲ್ಲಿ ಇವಳೂ ತೆಗೆಯುದು, ನಾನು ಬಿಟ್ಟಲ್ಲಿ ಇವಳೂ ಬಿಡುದು. ಎಲ್ಲ ರೆಕಾರ್ಡೂ ಹಾಗೇ. ಒಂದು ಮೈಕು, ಇಬ್ಬರು."

"ಅಂದ್ರ ಕಾಕೂ ಒಬ್ರ ಹಾಡಿದ ಜಾಗ?"

ಯೋಚಿಸಿದೆ. ಇದ್ದೇ ಇರುತ್ತದೆ, ಹುಡುಕು ಎಂದು ಹೇಳಿ ಬಂದೆ.

ಫೆಬ್ರವರಿ 20, ಗುರುವಾರ

ಶರಣ್ಯಾ ಫೋನಿನಲ್ಲಿದ್ದ ವಿಡಿಯೋಗಳನ್ನೆಲ್ಲ ನೋಡಿದಳಂತೆ. ದೀಪಾವಳಿ, ಗೃಹಪ್ರವೇಶ, ಮೊಮ್ಮಗಳು ನಿಹಾರಿಕಾಳ ಹುಟ್ಟಿದ ಹಬ್ಬ. "ಎಲ್ಲದರಲ್ಲೂ ನೀವೇ ಬೊಬ್ಬೆ ಹೊಡೀತಾ ಇದ್ದೀರಿ ಅಪ್ಪ. ಅಮ್ಮ ಹಿಂದೆ ನಗ್ತಾ ಇದ್ದಾಳೆ ಅಷ್ಟೆ."

ಹಾಗಾದರೆ ವಿಡಿಯೋ ತೆಗೆದವರ ತಪ್ಪು.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ದೇವಕಿ ಉಪವಾಸ ಮಾಡುತ್ತೇನೆ ಎಂದಳು, ಮಾಡಬಾರದು ಎಂದು ಗದರಿಸಿದೆ. ಹೇಗೂ ನುಂಗಲು ಆಗುವುದಿಲ್ಲ, ಅದಕ್ಕೇ ಉಪವಾಸದ ಹೆಸರು.

ಸುಪ್ರೀತ್ ಫೋನು ಮಾಡಿದ. "ಕಾಕಾ, ಎಲ್ಲಾ ಮಾಡಿ ನೋಡೇನ್ರಿ. ಗಿಟಾರ್ ಬ್ಯಾರೆ ಆತು. ಗರಗರ ಸದ್ದು ಹೋತು. ನಿಮ್ಮಿಬ್ಬರನ್ನ ಬ್ಯಾರೆ ಮಾಡಾಕ ಆಗವಲ್ದು. ಮಷೀನಿಗೆ ಯಾರ ದನಿ ಎಲ್ಲಿ ಮುಗೀತದ ತಿಳೀವಲ್ದು."

"ನನ್ನನ್ನು ಅಳಿಸಿ ಹಾಕು ಮಾರಾಯ. ನಾನು ಬೇಡ. ನನ್ನ ದನಿ ಎಷ್ಟು ಉಂಟೋ ಅಷ್ಟನ್ನೂ ತೆಗೆದು ಬಿಸಾಡು!"

"ಅದನ್ನ ಮಾಡೇನ್ರಿ. ನಿಮ್ಮನ್ನ ತಗದ್ರ ಅವರೂ ಹರದು ಹೋಗ್ತಾರ. ಚಿಂದಿ ಚಿಂದಿ ಬರ್ತದ."

ಒಂದು ತುಣುಕು ಕೇಳಿಸಿದ. ನೀರಿನಡಿ ಯಾರೋ ಕರೆದ ಹಾಗೆ. ನಿಲ್ಲಿಸು ಎಂದೆ.

ನಮ್ಮ ಅಷ್ಟೂ ಹಾಡಿನಲ್ಲಿ ಅವಳು ಒಬ್ಬಳೇ ಇರುವ ಒಂದು ಸಾಲಿಲ್ಲ.

ಮಾರ್ಚ್ 3, ಸೋಮವಾರ

ನಾಳೆ ಆಪರೇಷನ್. ಶರಣ್ಯಾ ಹೇಳಿದ್ದಳು, ಇವತ್ತು ಅಮ್ಮನ ಹತ್ತಿರ ಕೂತು ಚೆನ್ನಾಗಿ ಮಾತಾಡಿ ಎಂದು. ಹೇಳಿ ಮಾಡಿಸಿದ ಹಾಗೆ ಮಾತು ಬರುತ್ತದಾ? ಇಬ್ಬರೂ ಎದುರುಬದುರು ಕೂತೆವು. ಅವಳ ದನಿ ಈಗ ಕಾಗದ ಹರಿದ ಹಾಗೆ. ಅದನ್ನು ರೆಕಾರ್ಡ್ ಮಾಡಿದರೂ ಉಪಯೋಗವಿಲ್ಲವೆಂದು ತಮಿಳು ಹುಡುಗಿ ಹೇಳಿದ್ದಾಳೆ.

ಮಧ್ಯಾಹ್ನ ಆಸ್ಪತ್ರೆಗೆ ಹೊರಟೆವು. ಕಾರು ಗೇಟು ದಾಟುವಾಗ, "ಗ್ಯಾಸ್ ಬಂದ್ ಮಾಡಿದ್ದೀರಾ?" ಎಂದಳು.

"ಮಾಡಿದ್ದೇನೆ ಮಾರಾಯ್ತಿ, ಎಷ್ಟು ಸಲ ಕೇಳ್ತಿ!"

ಆಮೇಲೆ ಅವಳು ಮಾತಾಡಲಿಲ್ಲ. ವಾರ್ಡಿನಲ್ಲಿ ಬಿಟ್ಟು ಬರುವಾಗಲೂ ಕೈ ಮಾತ್ರ ಆಡಿಸಿದಳು. ಈಗ ಬರೆಯುವಾಗ ಹೊಳೆಯಿತು. ಅದೇ ಕಡೆಯದಾ?

ಮಾರ್ಚ್ 4, ಮಂಗಳವಾರ

ಆಯಿತು. ಇದ್ದಾಳೆ.

ಮಾರ್ಚ್ 18, ಮಂಗಳವಾರ

ಮನೆಗೆ ಬಂದಳು. ಕುತ್ತಿಗೆಯಲ್ಲಿ ತೂತು, ಉಸಿರಾಟ ಇನ್ನು ಅಲ್ಲಿಂದಲೇ. ಅದರ ಮೇಲೆ ಬಿಳಿ ಬಟ್ಟೆಯ ತುಂಡು. ದಿನಾ ತೊಳೆಯಬೇಕು. ನರ್ಸು ತೋರಿಸುವಾಗ ನಾನು ಹೊರಗೆ ಹೋಗಿ ಕಾರಿನ ಗಾಜು ಒರೆಸಿದೆ. ಶರಣ್ಯಾ ರಜೆ ಹಾಕಿದ್ದಾಳೆ, ಅವಳೇ ಮಾಡುತ್ತಾಳೆ. ಡಾಕ್ಟರಲ್ಲವಾ.

ಮಕ್ಕಳು ಬರೆಯುವ ಬಿಳಿ ಹಲಗೆ ತಂದುಕೊಟ್ಟೆ. ಅವಳು ಮೊದಲು ಬರೆದದ್ದು, "ನೀವು ಊಟ ಮಾಡ್ತಾ ಇದ್ದಿರಾ?" ತಮಿಳು ಮುಸಲ್ಮಾನರ ಮಾಮಕ್ ಅಂಗಡಿಯ ರೊಟ್ಟಿ ತಿಂದು ಬದುಕಿದ್ದೆ ಎಂದೆ. ಮೂಗು ಮುರಿದಳು. ನಗುವುದನ್ನೂ ಕಂಡೆ. ಸದ್ದೇ ಇಲ್ಲ. ಟೀವಿಯ ದನಿ ಬಂದ್ ಮಾಡಿ ನೋಡಿದ ಹಾಗೆ. ನನಗೆ ಅಲ್ಲಿ ಕೂರಲಾಗಲಿಲ್ಲ.

ಇಷ್ಟು ಸಣ್ಣ ಮನೆ, ಎಷ್ಟು ನಿಶ್ಶಬ್ದ. ವಿಮಾನ ಹೋಗುವುದು ಇಷ್ಟು ವರ್ಷ ನನಗೆ ಕೇಳಿಸುತ್ತಲೇ ಇರಲಿಲ್ಲ.

ಮಾರ್ಚ್ 23, ಭಾನುವಾರ

ಸಿಕ್ಕಿತು! ಸಿಕ್ಕಿತು!

ಲಾಜರೂ ಸತ್ತು ಹತ್ತು ವರ್ಷ ದಾಟಿತು. ಅವನ ಮಗಳು ಮೆಲಾಕಾದ ಮನೆ ಖಾಲಿ ಮಾಡುತ್ತಿದ್ದಾಳೆಂದು ಕೇಳಿ ಮುಂಜಾನೆಯೇ ಓಡಿದೆ. ಅವನ ಕೋಣೆಯಲ್ಲಿ ನಮ್ಮ ದೊಡ್ಡ ಪ್ಲೇಟಿನ ರೀಲುಗಳು, ಕತ್ತರಿಸದೆ ಇಟ್ಟದ್ದು, ಪೂರ್ತಿ ಇದ್ದವು. ಪುಣ್ಯಾತ್ಮ ಏನೂ ಬಿಸಾಡುತ್ತಿರಲಿಲ್ಲ. ಅಲ್ಲಿಂದ ನೇರ ಬಾಂಗ್ಸಾರಿಗೆ. ರಂಜಾನ್ ಸಂತೆಗೆ ರಸ್ತೆ ತುಂಬ ಜನ, ಟ್ಯಾಕ್ಸಿಯವನಿಗೆ ಬೈದೂ ಬೈದೂ ಬಾಯಿ ಒಣಗಿತು.

ಸುಪ್ರೀತ್ ರೀಲು ಹಾಕಿದ. ಒಂದು ಹಾಡು ಅರ್ಧಕ್ಕೆ ನಿಲ್ಲುತ್ತದೆ. ನನ್ನ ಬೊಬ್ಬೆ, "ಶ್ರುತಿ ಬಿಟ್ಟು ಹಾಡ್ತಿ ನೀನು!" ಆಮೇಲೆ ಬಾಗಿಲು ದಡಾರ್. ನಾನು ಸಿಟ್ಟಿನಲ್ಲಿ ಹೊರಗೆ ಹೋಗಿದ್ದೇನೆ. ಲಾಜರೂ ನನ್ನ ಹಿಂದೆ ಓಡಿರಬೇಕು, ಟೇಪು ನಿಲ್ಲಿಸಿಲ್ಲ. ಸ್ಟುಡಿಯೋದಲ್ಲಿ ಉಳಿದದ್ದು ದೇವಕಿ ಮತ್ತು ಪುಟ್ಟ ಶರಣ್ಯಾ. ಮನೆಯಲ್ಲಿ ನೋಡುವವರಿಲ್ಲವೆಂದು ಮಗುವನ್ನೂ ಕರೆದುಕೊಂಡು ಹೋಗುತ್ತಿದ್ದೆವು.

"ಇಲ್ಲಿ ಬಾ ಪುಟ್ಟಿ. ವಯರ್ ಮುಟ್ಟಬಾರದು. ಬಾಳೆಹಣ್ಣು ತಿಂತಿಯಾ? ಅಪ್ಪನಾ? ಈಗ ಬರ್ತಾರೆ. ಅಪ್ಪನ ಕೋಪ ಹಾಲು ಉಕ್ಕಿದ ಹಾಗೆ. ಊದಿದ್ರೆ ಆಯ್ತು. ನೀನೂ ಊದು ನೋಡುವ."

ಮಗು ಫೂ ಎಂದು ಊದುತ್ತದೆ. ದೇವಕಿ ನಗುತ್ತಾಳೆ. ಇನ್ನೂ ಏನೇನೋ ಹೇಳುತ್ತಾಳೆ, ಕಾಗೆ, ಬಸ್ಸು, ಸಂಜೆಗೆ ಮಾಡುವ ಪತ್ರೊಡೆ. ಆಮೇಲೆ ಮಗುವನ್ನು ಮಲಗಿಸಲು ಹಾಡುತ್ತಾಳೆ, 'ಸೆರೆಂಬಾನ್ ಬಸ್ಸು'. ಒಬ್ಬಳೇ. ಗಿಟಾರಿಲ್ಲ, ನಾನಿಲ್ಲ.

ಈ ಹಾಡನ್ನು ಹೀಗೆ ನಾನು ಕೇಳಿಯೇ ಇರಲಿಲ್ಲ. ಅವಳು ಒಂದು ಕಡೆ ತಿರುಗಿಸಿ ಇಳಿಸುತ್ತಾಳೆ, ಹೂ ಬಿದ್ದ ಹಾಗೆ. ಆ ಜಾಗದಲ್ಲಿ ಪ್ಲೇಟಿನಲ್ಲಿ ನಾನೇ ತುಂಬಿಕೊಂಡಿದ್ದೇನೆ. ನಾನು ಹಾಡಿದ್ದನ್ನು ಒಬ್ಬನೇ ಹಾಡಿ ನೋಡಿದೆ, ರಾಗವೇ ಆಗಲಿಲ್ಲ, ಬರೀ ಅಡಿಪಾಯ. ರಾಗ ಯಾರು ಕಟ್ಟಿದ್ದು ಎಂದು ಅವತ್ತು ಸುಪ್ರೀತ್ ಕೇಳಿದ್ದು ಇದಕ್ಕಾ?

ಅವನು ಟಿಶ್ಯೂ ಪೆಟ್ಟಿಗೆ ಮುಂದೆ ತಳ್ಳಿ, "ಸಾಕಷ್ಟು ಅದರೀ ಕಾಕಾ. ದನಿ ಮಾಡಬಹುದು," ಎಂದ. ನನಗೆ ನೆಗಡಿ ಎಂದೆ.

ಏಪ್ರಿಲ್ 3, ಗುರುವಾರ

ದನಿ ತಯಾರಾಯಿತು. ಸುಪ್ರೀತ್ ಮನೆಗೇ ಬಂದು ಫೋನಿಗೆ ಹಾಕಿಕೊಟ್ಟ. ಶರಣ್ಯಾ, ನಿಹಾರಿಕಾ, ನಾನು, ಎಲ್ಲರೂ ದೇವಕಿಯ ಸುತ್ತ. ಸುಪ್ರೀತ್ ಟೈಪ್ ಮಾಡಿದ. ಫೋನು ಹೇಳಿತು, "ನಮಸ್ಕಾರ. ನಾನು ದೇವಕಿ."

ಅಕ್ಷರಶಃ ಅವಳೇ. ಆಗಿನವಳು.

"ಅಜ್ಜಿ, ಸೋ ಸ್ವೀಟ್ ಲಾ!" ಎಂದು ನಿಹಾರಿಕಾ ಚಪ್ಪಾಳೆ ತಟ್ಟಿದಳು.

ದೇವಕಿ ಫೋನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಲಗೆಯಲ್ಲಿ ಬರೆದಳು, "ಚೆಂದ ಉಂಟು. ಯಾರು ಈ ಹುಡುಗಿ?"

"ಎಂತ ಯಾರು? ನೀನೇ!"

"ನನಗೆ ಎಪ್ಪತ್ತೆರಡು. ಈ ಬಾಯಿಯಿಂದ ಆ ಹುಡುಗಿ ಮಾತಾಡಿದರೆ ಭೂತ ಬಂದ ಹಾಗೆ. ನನಗೆ ಬೇಡ."

ನನಗೆ ಹೇಗಾಗಬೇಡ? ಊರೂರು ಅಲೆದಿದ್ದೇನೆ. "ಅಷ್ಟು ಕಷ್ಟಪಟ್ಟದ್ದು ಯಾರಿಗೋಸ್ಕರ? ಕೊಬ್ಬು ನಿನಗೆ, ಕೊಬ್ಬು!" ಎಂದು ಕೂಗಿದೆ. ಅವಳು ಒರೆಸಿ ಮತ್ತೆ ಬರೆಯತೊಡಗಿದಳು. ಬರೆದು ಮುಗಿಸುವವರೆಗೆ ನಾನು ಕಾಯಲಿಲ್ಲ. ಜಗಳದಲ್ಲಿ ಹಲಗೆಗೆ ಕಾಯುತ್ತ ನಿಲ್ಲುವವರು ಯಾರು? ಬೂಟು ಹಾಕಿಕೊಂಡು ಹೊರಟುಬಿಟ್ಟೆ. ತಿರುಗಿ ಬಂದಾಗ ಹಲಗೆ ಖಾಲಿ ಇತ್ತು.

ಏಪ್ರಿಲ್ 10, ಗುರುವಾರ

ಶರಣ್ಯಾ ಕೆಲಸಕ್ಕೆ ಹೋದಳು. ಕುತ್ತಿಗೆ ತೊಳೆಯುವುದನ್ನು ಇವಳೇ ಕನ್ನಡಿ ಇಟ್ಟುಕೊಂಡು ಕಲಿತಿದ್ದಾಳೆ. ಒಳ್ಳೆಯದಾಯಿತು.

ಫೋನು ನನ್ನ ಹತ್ತಿರವೇ ಇದೆ. ಹಾಳಾಗಬಾರದಲ್ಲ ಎಂದು ಆಗಾಗ ಪರೀಕ್ಷೆ ಮಾಡುತ್ತೇನೆ. ಇವತ್ತು "ಕಾಫಿ ಬೇಕಾ?" ಎಂದು ಒತ್ತಿದೆ. ಬೇಕು ಎಂದು ಬಾಯಲ್ಲೇ ಬಂತು. ನಾಚಿಕೆಯಾಯಿತು, ಯಾರೂ ಇರಲಿಲ್ಲ.

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ದೇವಕಿಯ ಹತ್ತಿರ ತುಂಬ ಹೊತ್ತು ಮಾತಾಡಿದೆ. ಹಿತ್ತಲ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡರೆ ಫೋನು ಚೆನ್ನಾಗಿ ಕೇಳುತ್ತದೆ. "ಬೊಬ್ಬೆ ಹೊಡಿಬೇಡಿ ಮಾರಾಯ್ರೆ" ಎಂದಳು. ಅದನ್ನು ಅವಳ ಹಾಗೆ ಯಾರೂ ಹೇಳಲಾರರು. "ಎಂತ ಯೋಚನೆ ಮಾಡ್ತಾ ಇದ್ದೀರಿ?" ಎಂದಳು. ನಾನು ಹೇಳಿದೆ. ಹೋಟೆಲಿನ ಕಾಲದ ಕಥೆ, ಲಾಜರೂನ ಕಥೆ. ರಾಗ ನಿನ್ನದೇ ಆಗಿತ್ತು ಎಂದೂ ಹೇಳಿದೆ. ಅದನ್ನು ಹೇಳಲು ಅವಳ ಹತ್ತಿರ ಕಷ್ಟವಾಗಲಿಲ್ಲ.

ಇವಳು ನಡುವೆ ಕಾಫಿ ತಂದಿಟ್ಟು ಹೋದಳು. ನೋಡುವಾಗ ಕೆನೆಗಟ್ಟಿತ್ತು, ಚೆಲ್ಲಿದೆ.

ಏಪ್ರಿಲ್ 18, ಶುಕ್ರವಾರ

ದೇವಕಿ ಇವತ್ತು ಚೆನ್ನಾಗಿದ್ದಳು. ನಗುವುದನ್ನೂ ಕಲಿಸಬಹುದಾ ಎಂದು ಸುಪ್ರೀತನನ್ನು ಕೇಳಬೇಕು.

ಇವಳಿಗೆ ಏನೋ ಸಿಟ್ಟು. ಹಲಗೆಯಲ್ಲಿ ಬರೆಯುವುದನ್ನೂ ನಿಲ್ಲಿಸಿದ್ದಾಳೆ. ಬರೆದರೆ ತಾನೇ ಗೊತ್ತಾಗುವುದು? ನನಗೇನು ಜ್ಯೋತಿಷ್ಯ ಬರುತ್ತದಾ?

ಏಪ್ರಿಲ್ 21, ಸೋಮವಾರ

ಹೇಗೆ ಬರೆಯುವುದೋ ತಿಳಿಯದು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಲ್ಲಿ ಕೂತಿದ್ದೆ. "ರೀ, ಯಾವಾಗ ಬಂದ್ರಿ?" ಎಂದು ಟೈಪ್ ಮಾಡಿ ಒತ್ತಿದೆ. ಹೋಟೆಲು ಮುಗಿಸಿ ಬಂದಾಗ ದಿನಾ ಹಾಗೇ ಕೇಳುತ್ತಿದ್ದಳು. "ಈಗಷ್ಟೆ ಬಂದೆ ಮಾರಾಯ್ತಿ. ಹಸಿವೆ," ಎಂದು ಜೋರಾಗಿಯೇ ಹೇಳಿದೆ. "ಕೈಕಾಲು ತೊಳೀರಿ, ಬಡಿಸ್ತೇನೆ," ಎಂದು ಹೇಳಿಸಿದೆ. "ಇವತ್ತು ಎಂತ ಅಡಿಗೆ?" ಎಂದು ಕೇಳಿ, ಅವಳ ಉತ್ತರವನ್ನು ಟೈಪ್ ಮಾಡುತ್ತಿದ್ದೆ.

ಬೆನ್ನ ಹಿಂದೆ ಬಕೆಟು ಇಟ್ಟ ಸದ್ದಾಯಿತು.

ಇವಳು ಬಾಗಿಲಲ್ಲಿ ನಿಂತಿದ್ದಳು. ಒಗೆದ ಬಟ್ಟೆ ಒಣಗಿಸಲು ಬಂದದ್ದು. ಎಷ್ಟು ಹೊತ್ತಾಗಿತ್ತೋ. ಕರೆಯಲು ದನಿಯಿಲ್ಲ, ನಾನು ತಿರುಗಲೂ ಇಲ್ಲ.

"ಸುಮ್ಮನೆ ಪರೀಕ್ಷೆ ಮಾಡ್ತಿದ್ದೆ. ಬ್ಯಾಟರಿ ನೋಡ್ತಿದ್ದೆ," ಎಂದೆ.

ಅವಳು ಹತ್ತಿರ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಎತ್ತಿ ಬಿಸಾಡುತ್ತಾಳೆ ಎಂದುಕೊಂಡೆ. ಬಿಸಾಡಲಿಲ್ಲ. ಮೆಟ್ಟಿಲ ಮೇಲೆ ಕೂತು, ಸೆರಗಿಗೆ ಕೈ ಒರೆಸಿ, ಕನ್ನಡಕ ಹಾಕಿಕೊಂಡು ಒಂದೇ ಬೆರಳಲ್ಲಿ ಒತ್ತತೊಡಗಿದಳು. ಅವಳಿಗೆ ಅದು ಅಭ್ಯಾಸವಿಲ್ಲ. ತಪ್ಪುತ್ತಿದ್ದಳು, ಅಳಿಸುತ್ತಿದ್ದಳು. ನಾನು ಸುಮ್ಮನೆ ಕಾದೆ. ಇವಳಿಗಾಗಿ ಇಷ್ಟು ಹೊತ್ತು ಕಾದದ್ದು ಇದೇ ಮೊದಲೋ ಏನೋ.

ಒತ್ತಿದಳು. ಆ ಹುಡುಗಿಯ ದನಿ ಹೇಳಿತು:

"ನಾನು ಸತ್ತಿಲ್ಲ ಮಾರಾಯ್ರೆ. ಈಚೆ ನೋಡಿ."

ನೋಡಿದೆ. ಕುತ್ತಿಗೆಯ ಬಿಳಿ ಬಟ್ಟೆ ಗಡಗಡ ಏಳುತ್ತ ಬೀಳುತ್ತ ಇತ್ತು. ಮುಖವೆಲ್ಲ ಒದ್ದೆ. ಅಳುತ್ತಿದ್ದಳು. ದನಿ ಹೋದರೆ ಅಳುವಿಗೂ ಸದ್ದಿರುವುದಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಎಷ್ಟು ದಿನದಿಂದ ಹೀಗೆ ಅಳುತ್ತಿದ್ದಳೋ. ಈ ಮನೆಯಲ್ಲೇ, ನನ್ನ ಬೆನ್ನ ಹಿಂದೆ.